ಬೈಕಂಪಾಡಿಯ ಸಣ್ಣ ಕಾರ್ಖಾನೆ ಯಾರ ಜೊತೆ ಸೇರಬೇಕು, ಯಾವಾಗ ಸೇರಬೇಕು?

ಕೆಲವು ತಿಂಗಳ ಹಿಂದೆ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೂತು ಎರಡು ಪುಟದ ಪತ್ರ ಓದಿದೆ. ಹೊರಗೆ ಸ್ಟೀಲಿಗೆ ಹೊಳಪು ಕೊಡುವ ಬಫಿಂಗ್ ಮೆಷಿನ್ ಸದ್ದು ಮಾಡುತ್ತಿತ್ತು. ಮಾತು ಕೇಳಬೇಕಾದರೆ ಬಾಗಿಲು ಹಾಕಲೇಬೇಕು. ಪತ್ರ ಬಂದದ್ದು ಪುಣೆಯ ಒಂದು ದೊಡ್ಡ ಕಂಪೆನಿಯಿಂದ. ಶೇಕಡಾ 51 ಷೇರು ಈಗ ಕೊಡಿ, ಉಳಿದದ್ದನ್ನು ಮೂರು ವರ್ಷದಲ್ಲಿ ಕೊಳ್ಳುತ್ತೇವೆ, ಆಮೇಲೆ ನಿಮ್ಮ ಕಂಪೆನಿಯನ್ನು ನಮ್ಮಲ್ಲಿ ವಿಲೀನ ಮಾಡಿಕೊಳ್ಳುತ್ತೇವೆ. ಪತ್ರದಲ್ಲಿದ್ದದ್ದು ಇಷ್ಟು.

ಆ ಕಾರ್ಖಾನೆಯಲ್ಲಿ ಹೋಟೆಲ್ ಅಡುಗೆಮನೆಗೆ ಬೇಕಾದ ಸ್ಟೀಲ್ ಸಾಮಾನು ಮಾಡುತ್ತಾರೆ. ಇಡ್ಲಿ ಸ್ಟೀಮರ್, ದೋಸೆ ಕಾವಲಿ, ಸಾಂಬಾರು ಬಿಸಿ ಇಡುವ ಕೌಂಟರ್, ಪಾತ್ರೆ ತೊಳೆಯುವ ಸಿಂಕ್. 38 ಜನ ಕೆಲಸಗಾರರು. ವರ್ಷಕ್ಕೆ ಸುಮಾರು 12 ಕೋಟಿ ವ್ಯಾಪಾರ. (ಗುರುತು ಸಿಗಬಾರದು ಅಂತ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.) ಮಾಲೀಕರಿಗೆ 62 ವರ್ಷ. ಮಗ ಮರ್ಚೆಂಟ್ ನೇವಿಯಲ್ಲಿ ಇಂಜಿನಿಯರ್, ವರ್ಷದಲ್ಲಿ ಆರೇಳು ತಿಂಗಳು ಹಡಗಿನಲ್ಲೇ ಇರುತ್ತಾನೆ. ಮಗಳು ಡಾಕ್ಟರ್.

ಅವರು ಪತ್ರ ಮಡಚಿ ಡ್ರಾವರಿನಲ್ಲಿಟ್ಟು, "ಸೇರುವುದಾ, ಬೇಡವಾ? ನೀವೇ ಒಂದು ಹೇಳಿ ಮಾರಾಯ್ರೆ" ಅಂದರು.

ಅವತ್ತು ನಾನು ಉತ್ತರ ಕೊಡಲಿಲ್ಲ. ಇಪ್ಪತ್ತು ವರ್ಷದಿಂದ ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳ ಲೆಕ್ಕಪತ್ರ ನೋಡುತ್ತಿದ್ದೇನೆ. ಈ ಪ್ರಶ್ನೆ ಹಿಂದೆ ಎರಡು ಮೂರು ವರ್ಷಕ್ಕೊಮ್ಮೆ ಕೇಳಿಬರುತ್ತಿತ್ತು. ಈಗ ಜಾಸ್ತಿಯಾಗಿದೆ. ಅದಕ್ಕೆ ಎರಡು ಕಾರಣ ಕಾಣುತ್ತದೆ.

ಒಂದು, ಕಣ್ಣೆದುರೇ ನಡೆದ ವಿಲೀನ. ಪಣಂಬೂರಿನ ಎಂಸಿಎಫ್, ಅಂದರೆ ಮಂಗಳೂರು ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್, 1976ರಿಂದ ಗೊಬ್ಬರ ತಯಾರಿಸುತ್ತಿರುವ ಕಾರ್ಖಾನೆ. ಅದನ್ನು ಪಾರಾದೀಪ್ ಫಾಸ್ಫೇಟ್ಸ್ ಕಂಪೆನಿಯಲ್ಲಿ ವಿಲೀನ ಮಾಡಲು 2024ರ ಫೆಬ್ರವರಿಯಲ್ಲಿ ಎರಡೂ ಕಡೆಯ ಆಡಳಿತ ಮಂಡಳಿ ಒಪ್ಪಿತು. ಕೆಲಸ ಮುಗಿದದ್ದು 2025ರ ಅಕ್ಟೋಬರ್‌ನಲ್ಲಿ. ಎರಡೂ ಒಂದೇ ಗುಂಪಿನ ಕಂಪೆನಿಗಳು. ಮನೆಯೊಳಗಿನ ಮಾತುಕತೆ ಅಂತಲೇ ಹೇಳಬಹುದು. ಆದರೂ ಇಪ್ಪತ್ತು ತಿಂಗಳು ಹಿಡಿಯಿತು. ಎಂಸಿಎಫ್‌ನ 100 ಷೇರು ಇದ್ದವರಿಗೆ ಪಾರಾದೀಪ್‌ನ 187 ಷೇರು ಅಂತ ತೀರ್ಮಾನವಾಗಿತ್ತು. ಇದನ್ನು ಕೇಳಿ ಎಷ್ಟೋ ಮಂದಿ ಎಂಸಿಎಫ್ ದೊಡ್ಡದು, ಪಾರಾದೀಪ್ ಸಣ್ಣದು ಅಂದುಕೊಂಡರು. ಹಾಗಲ್ಲ. ಒಂದೊಂದು ಷೇರಿನ ಬೆಲೆ ಎಷ್ಟು ಅನ್ನುವುದರ ಮೇಲೆ ಆ ಅನುಪಾತ ನಿಲ್ಲುತ್ತದೆ. ಕಂಪೆನಿಯ ಗಾತ್ರ ತಿಳಿಯಬೇಕಾದರೆ ಒಟ್ಟು ಎಷ್ಟು ಷೇರು ಉಂಟು ಅಂತಲೂ ನೋಡಬೇಕು.

ಎರಡನೆಯದು, ದಾರಿ ಸುಲಭವಾಗಿದೆ ಅನ್ನುವ ಸುದ್ದಿ. ಕಂಪೆನಿ ಕಾಯ್ದೆಯ 233ನೇ ಸೆಕ್ಷನ್‌ನಲ್ಲಿ ಸಣ್ಣ ಕಂಪೆನಿಗಳಿಗೆ ಬೇಗನೆ ವಿಲೀನ ಆಗುವ ದಾರಿ 2016ರ ಕೊನೆಯಿಂದಲೇ ಇದೆ. ಕಂಪೆನಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವುದು ಬೇಡ, ಕೇಂದ್ರ ಕಂಪೆನಿ ವ್ಯವಹಾರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಒಪ್ಪಿಗೆ ಸಾಕು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ ಈ ದಾರಿಯನ್ನು ಅಗಲ ಮಾಡಿತು. ಷೇರುಪೇಟೆಯಲ್ಲಿ ಇಲ್ಲದ, 200 ಕೋಟಿ ರೂಪಾಯಿಯೊಳಗೆ ಸಾಲ ಇರುವ, ಕಂತು ಬಾಕಿ ಇಟ್ಟುಕೊಳ್ಳದ ಕಂಪೆನಿಗಳೂ ಈಗ ಇದರಲ್ಲಿ ಹೋಗಬಹುದು. ನಮ್ಮ ಕರಾವಳಿಯ ಖಾಸಗಿ ಕಂಪೆನಿಗಳಲ್ಲಿ ಹೆಚ್ಚಿನವು ಈ ಬಾಗಿಲಲ್ಲಿ ದಾಟುವಷ್ಟೇ ಗಾತ್ರದವು.

ದಾರಿ ಇದೆ ಅಂದ ಮಾತ್ರಕ್ಕೆ ಹೋಗಲೇಬೇಕು ಅಂತ ಇಲ್ಲ ಅಲ್ವಾ? ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ನಿಮ್ಮಲ್ಲಿ ಸಾಲದಿರುವುದು ಏನು? ಹಣವಾ, ಆರ್ಡರಾ, ಜನವಾ? ಮೂರಕ್ಕೂ ಉತ್ತರ ಬೇರೆ ಬೇರೆ. ನಾನು ನೋಡಿದ ಹಾಗೆ, ಹಣ ಸಾಕಾಗದವರು ಆತುರದಲ್ಲಿ ಕಂಪೆನಿ ಬಿಟ್ಟುಕೊಡುತ್ತಾರೆ, ಜನ ಇಲ್ಲದವರು ತೀರಾ ತಡ ಮಾಡುತ್ತಾರೆ. ಎರಡೂ ತಪ್ಪು.

ಹಣ ಎಲ್ಲಿ ಕೂತಿದೆ ನೋಡಿ

ಈ ಸ್ಟೀಲ್ ಕಾರ್ಖಾನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 12 ಕೋಟಿ ಅಂದರೆ ತಿಂಗಳಿಗೆ 1 ಕೋಟಿ ಮಾಲು ಹೊರಗೆ ಹೋಗುತ್ತದೆ. ಗಿರಾಕಿಗಳು ಸರಾಸರಿ 90 ದಿನಕ್ಕೆ ಹಣ ಕೊಡುತ್ತಾರೆ. ಅಂದರೆ ಯಾವಾಗ ನೋಡಿದರೂ 3 ಕೋಟಿ ಬೇರೆಯವರ ಹತ್ತಿರ ಇರುತ್ತದೆ. ಇತ್ತ ಸ್ಟೀಲ್ ಶೀಟಿನವನಿಗೆ ಮುಂಗಡ ಕೊಡಬೇಕು, ಸಂಬಳ ತಿಂಗಳು ತಿಂಗಳು ಕೊಡಬೇಕು. ಹಾಗಾಗಿ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಯಾವಾಗಲೂ ಕತ್ತಿನವರೆಗೆ. ಇದನ್ನು ನೋಡಿ ಮಾಲೀಕರು, "ನಮಗೆ ದೊಡ್ಡ ಪಾಲುದಾರ ಬೇಕು" ಅನ್ನುತ್ತಾರೆ.

ಗಿರಾಕಿ 90 ದಿನದ ಬದಲು 45 ದಿನಕ್ಕೆ ಕೊಟ್ಟರೆ? ಒಂದೂವರೆ ಕೋಟಿ ಕೈಗೆ ಬಂತು. ಶೇಕಡಾ 11ರ ಬಡ್ಡಿ ಹಿಡಿದರೆ ವರ್ಷಕ್ಕೆ 16.5 ಲಕ್ಷ ಉಳಿಯಿತು. ಒಂದು ಷೇರೂ ಯಾರಿಗೂ ಕೊಡಬೇಕಾಗಲಿಲ್ಲ.

ಇದು ಬರೀ ಆಸೆ ಅಂತ ತಿಳಿಯಬೇಡಿ, ಇದಕ್ಕೆ ಕಾನೂನಿನ ಬಲ ಉಂಟು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಗಿರಾಕಿಯ ಮೇಲೆ ಬಡ್ಡಿ ಹಾಕುವವರು ಯಾರು? ಹಾಗಾಗಿ ಆ ನಿಯಮ ಎಷ್ಟೋ ವರ್ಷ ಪುಸ್ತಕದಲ್ಲೇ ಇತ್ತು. 2023ರ ಬಜೆಟ್‌ನಲ್ಲಿ ಅದನ್ನು ಆದಾಯ ತೆರಿಗೆಗೆ ಜೋಡಿಸಿದರು. ಹೇಳಿದ ದಿನದೊಳಗೆ ಹಣ ಕೊಡದಿದ್ದರೆ, ಕೊಳ್ಳುವವರು ಆ ಖರೀದಿಯನ್ನು ಆ ವರ್ಷ ಖರ್ಚು ಅಂತ ತೋರಿಸುವ ಹಾಗಿಲ್ಲ. ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಅಂದಿನಿಂದ ಮಾರ್ಚ್ ತಿಂಗಳಲ್ಲಿ ನಮ್ಮ ಕಡೆಯ ಘಟಕಗಳಿಗೆ ಹಣ ಬರುವ ರೀತಿಯೇ ಬದಲಾದದ್ದನ್ನು ನಾನು ಲೆಕ್ಕದ ಪುಸ್ತಕದಲ್ಲಿ ಕಂಡಿದ್ದೇನೆ. ಇದಕ್ಕೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಬೇಕು, ಬಿಲ್ಲಿನ ಮೇಲೆ ಆ ನಂಬರ್ ಅಚ್ಚಾಗಿದ್ದರೆ ಒಳ್ಳೆಯದು. ಈ ಸ್ಟೀಲ್ ಕಾರ್ಖಾನೆಯ ಬಿಲ್ಲಿನಲ್ಲಿ ಅದು ಇರಲಿಲ್ಲ. ನೋಂದಣಿ ಮಾಡಿಸಿ ನಾಲ್ಕು ವರ್ಷ ಆಗಿತ್ತು, ಬಿಲ್ ಪುಸ್ತಕ ಮಾತ್ರ ಹಳೆಯದೇ.

ಇಲ್ಲೇ ಒಂದು ಗುಂಡಿ ಇದೆ, ವಿಲೀನದ ಮಾತಾಡುವವರು ಅದನ್ನು ಗಮನಿಸುವುದೇ ಇಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮ ಅನ್ನಿಸಿಕೊಳ್ಳಲು ಹೂಡಿಕೆ 25 ಕೋಟಿಯೊಳಗೆ, ವ್ಯಾಪಾರ 100 ಕೋಟಿಯೊಳಗೆ ಇರಬೇಕು. 60 ಕೋಟಿ ವ್ಯಾಪಾರದ ಎರಡು ಕಂಪೆನಿಗಳು ಒಂದಾದವು ಅಂತಿಟ್ಟುಕೊಳ್ಳಿ. 120 ಕೋಟಿ ಆಯಿತು, ಮಧ್ಯಮ ಉದ್ಯಮ ಆಯಿತು. 45 ದಿನದ ನಿಯಮ ಮಧ್ಯಮ ಉದ್ಯಮಕ್ಕೆ ಇಲ್ಲ. ಮೇಲಿನ ವರ್ಗಕ್ಕೆ ಏರಿದವರಿಗೆ ಹಳೆಯ ಸವಲತ್ತು ಮೂರು ವರ್ಷ ಮುಂದುವರಿಯುತ್ತದೆ ನಿಜ, ಆದರೆ ಅದು ತೆರಿಗೆಗೆ ಸಂಬಂಧಿಸದ ಸವಲತ್ತುಗಳಿಗೆ ಮಾತ್ರ. ಈ ನಿಯಮಕ್ಕೆ ಹಲ್ಲು ಬಂದದ್ದೇ ತೆರಿಗೆಯಿಂದ. ಹಣ ಬೇಗ ಬರಲಿ ಅಂತ ಒಂದಾದವರಿಗೆ ಹಣ ಇನ್ನೂ ತಡವಾಗಬಹುದು.

ಹೊಸ ಮೆಷಿನಿಗೆ ಹಣ ಬೇಕು, ಅಡವು ಇಡಲು ಜಾಗ ಇಲ್ಲ ಅನ್ನುವವರಿಗೂ ದಾರಿ ಇದೆ. ಅಡವು ಇಲ್ಲದ ಸಾಲಕ್ಕೆ ಬ್ಯಾಂಕಿಗೆ ಭದ್ರತೆ ಕೊಡುವ ಸಿಜಿಟಿಎಂಎಸ್‌ಇ ಗ್ಯಾರಂಟಿಯ ಮಿತಿ 2025ರ ಏಪ್ರಿಲ್‌ನಿಂದ 5 ಕೋಟಿಯಿಂದ 10 ಕೋಟಿಗೆ ಏರಿದೆ. ಬ್ಯಾಂಕಿನವರು ಇದನ್ನು ತಾವಾಗಿ ಹೇಳುವುದು ಕಡಿಮೆ, ನಾವೇ ಕೇಳಬೇಕು.

ಒಟ್ಟಿನಲ್ಲಿ ಹಣದ ತೊಂದರೆ ಒಂದಕ್ಕೇ ಕಂಪೆನಿ ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ.

ಆರ್ಡರ್ ಇದೆ, ಮಾಡುವ ಶಕ್ತಿ ಇಲ್ಲ

ಇದು ಸ್ವಲ್ಪ ಕಷ್ಟದ ವಿಷಯ. ಒಂದು ಹೋಟೆಲ್ ಸರಣಿಯವರು 40 ಅಡುಗೆಮನೆಗೆ ಒಟ್ಟಿಗೆ ಆರ್ಡರ್ ಕೊಡುತ್ತಾರೆ. ನಾಲ್ಕು ತಿಂಗಳಲ್ಲಿ ಮುಗಿಸಬೇಕು. ಲೇಸರ್ ಕಟಿಂಗ್ ಮೆಷಿನ್ ಇಲ್ಲದೆ ಆಗುವುದಿಲ್ಲ. ತಂದರೆ ಆ ಆರ್ಡರ್ ಮುಗಿದ ಮೇಲೆ ಮೆಷಿನ್ ಸುಮ್ನೆ ನಿಲ್ಲುತ್ತದೆ.

ಇಲ್ಲಿ ಒಂದಾಗದೆ ಒಟ್ಟಾಗುವ ದಾರಿ ಇದೆ. ನಮ್ಮ ಜಿಲ್ಲೆಗೆ ಅದು ಹೊಸದೇನಲ್ಲ. ಅಡಿಕೆ ಬೆಲೆ ಬಿದ್ದು ಬೆಳೆಗಾರರು ದಿಕ್ಕು ಕಾಣದಿದ್ದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಆಮೇಲೆ ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದೇ ಸಂಸ್ಥೆ ಕೊಕ್ಕೋ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಯಾರ ತೋಟವೂ ಇನ್ನೊಬ್ಬರ ತೋಟದೊಳಗೆ ವಿಲೀನ ಆಗಲಿಲ್ಲ. ಬೇಲಿ ಹಾಗೆಯೇ ಉಳಿಯಿತು. ಒಬ್ಬೊಬ್ಬರಿಂದ ಆಗದ ಕೆಲಸವನ್ನು ಮಾತ್ರ ಒಟ್ಟಿಗೆ ಮಾಡಿದರು.

ಕಾರ್ಖಾನೆಗಳಿಗೂ ಇದು ಆಗುತ್ತದೆ. ಕೇಂದ್ರದ ಕ್ಲಸ್ಟರ್ ಯೋಜನೆಯಲ್ಲಿ ಒಂದಷ್ಟು ಘಟಕಗಳು ಸೇರಿ ಒಂದು ಸಂಸ್ಥೆ ಮಾಡಿಕೊಂಡರೆ ಎಲ್ಲರೂ ಬಳಸುವ ಮೆಷಿನ್, ಟೆಸ್ಟಿಂಗ್ ಲ್ಯಾಬ್ ಇಂಥದ್ದಕ್ಕೆ ಖರ್ಚಿನ ದೊಡ್ಡ ಪಾಲು ಸರ್ಕಾರದಿಂದ ಬರುತ್ತದೆ. ಕಾಗದಪತ್ರ ಓಡಾಟ ತುಂಬಾ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ಬೇಡ ಅನ್ನುವವರಿಗೆ ಜಾಬ್ ವರ್ಕ್ ಇದ್ದೇ ಇದೆ. ಪಕ್ಕದ ರಸ್ತೆಯಲ್ಲಿ ಲೇಸರ್ ಮೆಷಿನ್ ಇರುವವನಿಗೆ ಚಲನ್ ಮೇಲೆ ಶೀಟ್ ಕಳಿಸಿ, ಒಂದು ವರ್ಷದೊಳಗೆ ವಾಪಸ್ ತಂದರೆ ಮಾಲಿನ ಮೇಲೆ ಜಿಎಸ್‌ಟಿ ಬೀಳುವುದಿಲ್ಲ, ಅವನ ಕೂಲಿಗೆ ಮಾತ್ರ. ನಮ್ಮಲ್ಲಿ ಇದಕ್ಕೆ ಅಡ್ಡಿ ಕಾನೂನಲ್ಲ. ನನ್ನ ಡ್ರಾಯಿಂಗ್ ಅವನು ನೋಡಿಬಿಟ್ಟರೆ ಅನ್ನುವ ಹೆದರಿಕೆ.

ಬೇಡಿಕೆಯೇ ಹೋಗುತ್ತಿದ್ದರೆ ಮಾತ್ರ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ನೇತ್ರಾವತಿ, ಗುರುಪುರ ಹೊಳೆಯ ಬದಿಯಲ್ಲಿ ಆಮೇಲೆ ಎಷ್ಟೊಂದು ಕಾರ್ಖಾನೆ ಬಂದವು. ಅವು ಮುಚ್ಚಿದ್ದು ಸಣ್ಣವು ಅಂತ ಅಲ್ಲ. ಮನೆಗಳ ಮೇಲೆ ತಾರಸಿ ಬಂತು, ಆವೆ ಮಣ್ಣು ಸಿಗುವುದು ಕಷ್ಟವಾಯಿತು. ಹತ್ತು ಹೆಂಚಿನ ಕಾರ್ಖಾನೆ ಸೇರಿ ಒಂದಾಗಿದ್ದರೂ ತಾರಸಿ ನಿಲ್ಲುತ್ತಿರಲಿಲ್ಲ.

ನಂತರ ಯಾರು?

ಸ್ಟೀಲ್ ಕಾರ್ಖಾನೆಯ ಮಾಲೀಕರ ನಿಜವಾದ ತೊಂದರೆ ಇದು. ಹಣವನ್ನು ಸರಿಮಾಡಬಹುದು, ಆರ್ಡರ್ ಬೇಕಾದಷ್ಟು ಉಂಟು. ಹತ್ತು ವರ್ಷದ ನಂತರ ಆ ಕುರ್ಚಿಯಲ್ಲಿ ಕೂರುವವರು ಯಾರು ಅಂತ ಅವರಿಗೆ ಗೊತ್ತಿಲ್ಲ. ಇಂಥವರಿಗೆ ನಾನು ಹೇಳುವುದು ಒಂದೇ ಮಾತು. ಸೇರಿ, ಆದರೆ ಈಗಲೇ ಸೇರಿ. ಆರ್ಡರ್ ಪುಸ್ತಕ ತುಂಬಿರುವಾಗ, ನೀವು ಇನ್ನೂ ದಿನಾ ಬೆಳಗ್ಗೆ ಶೆಡ್ಡಿನಲ್ಲಿ ಒಂದು ಸುತ್ತು ಹಾಕುತ್ತಿರುವಾಗ.

ಯಾಕೆ ಅಂತ ಹೇಳುತ್ತೇನೆ. ಅಲ್ಲಿ 27 ವರ್ಷದಿಂದ ಕೆಲಸ ಮಾಡುವ ಒಬ್ಬ ಆರ್ಗನ್ ವೆಲ್ಡರ್ ಇದ್ದಾರೆ. ಸ್ಟೀಲ್ ಶೀಟಿನ ಬೆಸುಗೆ ಹಾಕಿ ಮುಗಿದ ಮೇಲೆ ಕನ್ನಡಕ ಮೇಲೆತ್ತಿ ಗೆರೆಯ ಬಣ್ಣ ನೋಡುತ್ತಾರೆ. ಒಣಹುಲ್ಲಿನ ಬಣ್ಣ ಇದ್ದರೆ ಸರಿ. ನೀಲಿಗೆ ತಿರುಗಿದರೆ ಬಿಸಿ ಜಾಸ್ತಿಯಾಗಿದೆ. ಕಪ್ಪಾದರೆ ಆ ಜಾಗದಲ್ಲಿ ಮುಂದೆ ತುಕ್ಕು ಹಿಡಿಯುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಬಫ್ ಹೊಡೆದ ಮೇಲೆ ಮೂರೂ ಒಂದೇ ರೀತಿ ಹೊಳೆಯುತ್ತವೆ, ಗಿರಾಕಿಗೆ ಗೊತ್ತಾಗುವುದಿಲ್ಲ. ಆದರೂ ಅವರು ಬಿಚ್ಚುತ್ತಾರೆ. ಮುಂಬೈಯ ಹೋಟೆಲಿನವರು ಎಷ್ಟೋ ವರ್ಷದಿಂದ ಇಲ್ಲಿಗೇ ಫೋನ್ ಮಾಡುವುದು ಇದಕ್ಕೆ. ರಾತ್ರಿ ಸ್ಟೀಮರ್ ಆವಿ ಬಿಟ್ಟರೆ ಬೆಳಗ್ಗಿನ ಬಸ್ಸಿಗೆ ಇಲ್ಲಿಂದ ಒಬ್ಬ ಹುಡುಗ ಹೊರಡುತ್ತಾನೆ. ಪುಣೆಯವರಿಗೆ ಬೇಕಾಗಿರುವುದು ಇದೇ. ಲೇತು, ಬೆಂಡಿಂಗ್ ಮೆಷಿನ್ ಅವರ ಹತ್ತಿರ ಬೇಕಾದಷ್ಟಿವೆ. ಈ ವೆಲ್ಡರ್, ಈ ಫೋನ್ ನಂಬರುಗಳು, ಈ ನಂಬಿಕೆ ಇರುವ ತನಕ ಕಂಪೆನಿಗೆ ಬೆಲೆ. ಮಾಲೀಕರು ಹಾಸಿಗೆ ಹಿಡಿದ ಮೇಲೆ, ವೆಲ್ಡರ್ ನಿವೃತ್ತಿಯಾದ ಮೇಲೆ ಉಳಿಯುವುದು ಹಳೆ ಮೆಷಿನಿನ ತೂಕದ ಬೆಲೆ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಲ್ಪೆಯಲ್ಲಿ ಒಂದು ಉದಾಹರಣೆ ಇದೆ. ಟೆಬ್ಮಾ ಹಡಗು ಕಟ್ಟೆ ಸಾಲದಲ್ಲಿ ಸಿಕ್ಕಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡಿತು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅಂತ ಹೆಸರಾಯಿತು. ಈಗ ಅಲ್ಲಿ ದೊಡ್ಡ ಹಡಗು ಎಳೆಯುವ ಟಗ್ಗುಗಳು ತಯಾರಾಗುತ್ತಿವೆ, ನಾರ್ವೆಯ ಕಂಪೆನಿಯಿಂದ 3,800 ಟನ್ ಸಾಮರ್ಥ್ಯದ ಸರಕು ಹಡಗಿನ ಆರ್ಡರ್ ಬಂದಿದೆ. ಊರಿಗೆ ಒಳ್ಳೆಯದೇ ಆಯಿತು, ಕೆಲಸ ಉಳಿಯಿತು. ಇಷ್ಟು ದೊಡ್ಡ ಆರ್ಡರಿಗೆ ಬೆನ್ನ ಹಿಂದೆ ದೊಡ್ಡ ಮಾತೃಸಂಸ್ಥೆ ಇರುವುದು ಎಷ್ಟು ಮುಖ್ಯ ಅಂತಲೂ ಇದರಿಂದ ತಿಳಿಯುತ್ತದೆ. ಆದರೆ ದಿವಾಳಿ ಪ್ರಕ್ರಿಯೆಯಲ್ಲಿ ಬಂದ ಹಣ ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ. ಹಳೆಯ ಷೇರುದಾರರ ಸರದಿ ಎಲ್ಲರ ನಂತರ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಎಂಟಿಆರ್ ಕಟ್ಟಿದ ಮಯ್ಯ ಕುಟುಂಬ ನಮ್ಮ ಕೋಟದ ಹತ್ತಿರದ ಪಾರಂಪಳ್ಳಿಯದು. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲ್ ಶುರು ಮಾಡಿದರು. ಆಮೇಲೆ ಪುಡಿ, ಮಿಕ್ಸ್ ಮಾಡುವ ಎಂಟಿಆರ್ ಫುಡ್ಸ್ ಬೆಳೆಯಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪೆನಿ ಕೊಂಡದ್ದು ಆ ಫುಡ್ಸ್ ಕಂಪೆನಿಯನ್ನು ಮಾತ್ರ. ಹೋಟೆಲ್ ಕುಟುಂಬದಲ್ಲೇ ಉಳಿಯಿತು. ಮಾರಿದ ಸದಾನಂದ ಮಯ್ಯರು ಕೆಲವು ವರ್ಷದ ನಂತರ ಮಯ್ಯಾಸ್ ಅಂತ ಹೊಸದಾಗಿ ಶುರು ಮಾಡಿದರು. ಕೊಡುವುದಾದರೆ ಎಲ್ಲವನ್ನೂ ಕೊಡಬೇಕು ಅಂತ ಇಲ್ಲ. ಯಾವ ಭಾಗಕ್ಕೆ ದೊಡ್ಡ ಬಂಡವಾಳ ಬೇಕೋ ಅದನ್ನು ಕೊಟ್ಟು, ಯಾವುದು ನಮ್ಮ ಕೈಯ ಕೆಲಸವೋ ಅದನ್ನು ಇಟ್ಟುಕೊಳ್ಳಬಹುದು.

ವಿಲೀನ ಅಂದ ಕೂಡಲೇ ನಮ್ಮೂರಲ್ಲಿ ಬರುವ ಮೊದಲ ಮಾತು ಬ್ಯಾಂಕಿನದ್ದು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್. 2019ರ ಏಪ್ರಿಲ್ 1 ಮತ್ತು 2020ರ ಏಪ್ರಿಲ್ 1, ಎರಡೇ ದಿನದಲ್ಲಿ ಮೂರೂ ಹೆಸರು ಹೋಯಿತು. ಅದು ಸರ್ಕಾರದ ತೀರ್ಮಾನ, ನಮ್ಮ ಸಣ್ಣ ಕಾರ್ಖಾನೆಗೆ ನೇರವಾಗಿ ಹೋಲಿಸಲು ಆಗುವುದಿಲ್ಲ. ಆದರೆ ಒಂದು ವಿಷಯ ಅಲ್ಲಿಂದ ಕಲಿಯಬೇಕು. ಶಾಖೆ ಉಳಿಯಿತು, ಕೌಂಟರಿನಲ್ಲಿ ಅದೇ ಮುಖಗಳೂ ಸ್ವಲ್ಪ ಕಾಲ ಉಳಿದವು. ಮಂಗಳೂರು ಮತ್ತು ಮಣಿಪಾಲದಿಂದ ಹೋದದ್ದು ತೀರ್ಮಾನ ಮಾಡುವ ಕುರ್ಚಿ. ಪುಣೆಯವರ ಜೊತೆ ಮಾತಾಡುವಾಗಲೂ ನಾನು ಕೇಳಿಸಿದ ಪ್ರಶ್ನೆ ಅದೇ. ಎರಡು ಲಕ್ಷದ ಒಂದು ಗ್ರೈಂಡರ್ ಕೊಳ್ಳಬೇಕಾದರೆ ಇನ್ನು ಮುಂದೆ ಯಾರ ಸಹಿ ಬೇಕು? ಬೈಕಂಪಾಡಿಯದ್ದಾ, ಪುಣೆಯದ್ದಾ?

ಸಮಾನರು ಒಂದಾಗುವುದು

ಅಕ್ಕಪಕ್ಕದ ಎರಡು ಸಣ್ಣ ಘಟಕಗಳು ಒಂದಾಗುವುದನ್ನು ಮಾತ್ರ ನಾನು ಸುಲಭದಲ್ಲಿ ಒಪ್ಪುವುದಿಲ್ಲ. ಕಾಗದದ ಮೇಲೆ ಚಂದ ಕಾಣುತ್ತದೆ. ಒಂದೇ ಅಕೌಂಟ್ಸ್ ಆಫೀಸ್, ಒಂದೇ ಟೆಂಪೊ, ಶೀಟ್ ಒಟ್ಟಿಗೆ ಕೊಂಡರೆ ಕಡಿಮೆ ಬೆಲೆ. ನಾನು ಲೆಕ್ಕ ನೋಡುತ್ತಿದ್ದ ಎರಡು ಘಟಕಗಳು ಹೀಗೆ ಒಂದಾದವು. ಇಬ್ಬರೂ ಮಾಲೀಕರು ಒಳ್ಳೆಯ ಸ್ನೇಹಿತರು. ಮೊದಲ ದೀಪಾವಳಿಯಲ್ಲೇ ಗಲಾಟೆ. ಒಂದು ಕಡೆ ಕಾನೂನಿನ ಕನಿಷ್ಠ ಬೋನಸ್, ಶೇಕಡಾ 8.33 ಕೊಡುತ್ತಿದ್ದರು. ಇನ್ನೊಂದು ಕಡೆ 15. ಎಲ್ಲರಿಗೂ 15 ಕೊಟ್ಟರೆ ಒಂದಾದದ್ದರ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ. ಕಡಿಮೆ ಮಾಡಿದರೆ ಅರ್ಧ ಜನರಿಗೆ ಅನ್ಯಾಯ. ಇಬ್ಬರೂ ಧಣಿಗಳೇ, ಕೊನೆಯ ಮಾತು ಯಾರದ್ದು ಅಂತ ಬರೆದಿಟ್ಟಿರಲಿಲ್ಲ. ಎರಡೇ ವರ್ಷದಲ್ಲಿ ಪಾಲಾದರು. ಪಾಲಿನ ಖರ್ಚು ಸೇರಿದ ಖರ್ಚಿಗಿಂತ ಜಾಸ್ತಿಯಾಯಿತು, ಸ್ನೇಹವೂ ಉಳಿಯಲಿಲ್ಲ.

ಸಹಿಗೆ ಮೊದಲು

ಪುಣೆಯ ಪತ್ರಕ್ಕೆ ವಾಪಸ್ ಬರೋಣ. ಬೆಲೆ ಹೇಗೆ ಕಟ್ಟುತ್ತಾರೆ ಅಂತ ಮಾಲೀಕರಿಗೆ ಹೀಗೆ ವಿವರಿಸಿದೆ. ಬಡ್ಡಿ, ಸವಕಳಿ, ತೆರಿಗೆಗೆ ಮೊದಲಿನ ಲಾಭ ವರ್ಷಕ್ಕೆ 1.2 ಕೋಟಿ. ಅದರ ಐದು ಪಟ್ಟು ಅಂತಿಟ್ಟುಕೊಳ್ಳಿ, 6 ಕೋಟಿ. ಬ್ಯಾಂಕ್ ಸಾಲ 2 ಕೋಟಿ ಕಳೆದರೆ ಇಡೀ ಕಂಪೆನಿಗೆ 4 ಕೋಟಿ. ಆದರೆ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ನೀವು ವರ್ಷಕ್ಕೆ 6 ಲಕ್ಷ ಮಾತ್ರ ಸಂಬಳ ತೆಗೆದುಕೊಳ್ಳುತ್ತೀರಿ, ನಿಮ್ಮ ಜಾಗಕ್ಕೆ ಒಬ್ಬ ಮ್ಯಾನೇಜರ್ ಇಟ್ಟರೆ 18 ಲಕ್ಷ. ವ್ಯತ್ಯಾಸ 12 ಲಕ್ಷ ಲಾಭದಿಂದ ಕಳೆದು, ಐದು ಪಟ್ಟು ಮಾಡಿ, 60 ಲಕ್ಷ ಇಳಿಸುತ್ತಾರೆ. ನಾವು ಕಡಿಮೆ ತೆಗೆದುಕೊಂಡು ದುಡಿದದ್ದು ಅಲ್ಲಿ ನಮ್ಮ ವಿರುದ್ಧವೇ ನಿಲ್ಲುತ್ತದೆ.

ಜಾಗದ ವಿಷಯವನ್ನು ಬೇರೆಯೇ ನೋಡಬೇಕು. ಜಾಗ ಕಂಪೆನಿ ಹೆಸರಿನಲ್ಲಿದ್ದರೆ ವಿಲೀನದಲ್ಲಿ ಅದೂ ಹೋಗುತ್ತದೆ. ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿ, ಮೊದಲು ಗುತ್ತಿಗೆಗೆ ಕೊಟ್ಟು ಆಮೇಲೆ ಮಾರುವ ಲೀಸ್ ಕಂ ಸೇಲ್ ಜಾಗವಾದರೆ ಮಂಡಳಿಯ ಒಪ್ಪಿಗೆ ಇಲ್ಲದೆ ಕೈ ಬದಲಿಸುವ ಹಾಗಿಲ್ಲ. ಅದರ ಓಡಾಟವನ್ನು ಮೊದಲೇ ಶುರು ಮಾಡಬೇಕು.

ಬೇಗದ ದಾರಿಯಲ್ಲಿ ವಿಲೀನ ಆಗಬೇಕಾದರೆ ಒಟ್ಟು ಷೇರಿನ ಶೇಕಡಾ 90 ಇರುವವರು ಒಪ್ಪಬೇಕು, ಸಾಲ ಕೊಟ್ಟವರಲ್ಲೂ ಮೊತ್ತದ ಹತ್ತರಲ್ಲಿ ಒಂಬತ್ತು ಪಾಲಿನವರು ಒಪ್ಪಬೇಕು. ನಮ್ಮ ಕಡೆಯ ಕಂಪೆನಿಗಳಲ್ಲಿ ಷೇರು ಎಲ್ಲೆಲ್ಲಿ ಇರುತ್ತದೆ ಗೊತ್ತುಂಟಾ? ಬಹರೈನ್‌ನಲ್ಲಿರುವ ತಮ್ಮ, ಮುಂಬೈಯ ಅಕ್ಕ, ತೀರಿಕೊಂಡ ಅಪ್ಪನ ಹೆಸರಿನಲ್ಲಿ ಇನ್ನೂ ಹಾಗೇ ಇರುವ ಒಂದಷ್ಟು. ಶೇಕಡಾ 11 ಇರುವ ಒಬ್ಬರು ಸಹಿ ಹಾಕದಿದ್ದರೆ ಆ ಬಾಗಿಲು ಮುಚ್ಚಿತು. ಇನ್ನು ಪಾಲುದಾರಿಕೆ ಸಂಸ್ಥೆಗಳಾದರೆ ಮೊದಲು ಕಂಪೆನಿಯಾಗಿ ಬದಲಾಗಬೇಕು. ಕರಾವಳಿಯ ಎಷ್ಟೋ ಹಳೆಯ ಘಟಕಗಳು ಇನ್ನೂ ಪಾಲುದಾರಿಕೆಯಲ್ಲೇ ಇವೆ.

ಈ ಶೇಕಡಾ 90ರ ನಿಯಮ ಮಾಲೀಕರಿಗೆ ಆಯುಧವೂ ಹೌದು. 51 ಕೊಟ್ಟ ಮೇಲೂ 49 ಇರುವ ತನಕ ಅವರನ್ನು ಬಿಟ್ಟು ವಿಲೀನ ಮಾಡಲು ಆಗುವುದಿಲ್ಲ. ಕಂಪೆನಿಯ ದೊಡ್ಡ ತೀರ್ಮಾನಗಳಿಗೆ ಷೇರುದಾರರು ಮಾಡುವ ವಿಶೇಷ ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು, ಹಾಗಾಗಿ ಶೇಕಡಾ 25ಕ್ಕಿಂತ ಜಾಸ್ತಿ ಕೈಯಲ್ಲಿ ಇರುವ ತನಕ ತಡೆಯುವ ಶಕ್ತಿ ಉಳಿಯುತ್ತದೆ. ಉಳಿದ ಷೇರಿನ ಬೆಲೆ ಹೇಗೆ ಕಟ್ಟುವುದು ಅಂತ ಇವತ್ತೇ ಬರೆಸಿಕೊಳ್ಳಬೇಕು. ಪತ್ರದಲ್ಲಿ 'ಮೂರನೇ ವರ್ಷದ ಲಾಭದ ಮೇಲೆ' ಅಂತ ಇತ್ತು. ಅದು ಅಪಾಯ. 51 ಹೋದ ಮೇಲೆ ಲೆಕ್ಕದ ಪುಸ್ತಕ ಅವರ ಕೈಯಲ್ಲಿ. ಹೆಡ್ ಆಫೀಸ್ ಖರ್ಚು, ಸಾಫ್ಟ್‌ವೇರ್ ಖರ್ಚು ಅಂತ ಈ ಕಂಪೆನಿಯ ತಲೆಗೆ ಹಾಕಿದರೆ ಲಾಭ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಹಾಗಾಗಿ ಲಾಭದ ಬದಲು ಮಾರಾಟದಲ್ಲಿ ಕಚ್ಚಾ ಮಾಲಿನ ಖರ್ಚು ಕಳೆದು ಉಳಿಯುವ ಮೊತ್ತದ ಮೇಲೆ ಬೆಲೆ ಕಟ್ಟಿ ಅಂತ ಬರೆಯಲು ಹೇಳಿದೆ.

ಮಾಲೀಕರ ಮನೆ ಕುಳಾಯಿ ಅನ್ನುವ ಊರಿನಲ್ಲಿ. ಆ ಮನೆಯ ಕಾಗದಪತ್ರ ಹದಿನಾಲ್ಕು ವರ್ಷದಿಂದ ಬ್ಯಾಂಕಿನಲ್ಲಿ ಅಡವು ಇದೆ. ಕಂಪೆನಿಯ ಸಾಲಕ್ಕೆ ಅವರು, ಅವರ ಹೆಂಡತಿ ಇಬ್ಬರೂ ವೈಯಕ್ತಿಕ ಗ್ಯಾರಂಟಿ ಹಾಕಿದ್ದಾರೆ. ಷೇರು ಮಾರಿದ ಮಾತ್ರಕ್ಕೆ ಆ ಗ್ಯಾರಂಟಿ ಬಿದ್ದುಹೋಗುವುದಿಲ್ಲ. ನಾಳೆ ಪುಣೆಯವರು ಸಾಲ ಕಟ್ಟದಿದ್ದರೆ ನೋಟಿಸ್ ಬರುವುದು ಕುಳಾಯಿಯ ಮನೆಗೆ. ಷೇರು ವರ್ಗಾವಣೆಯ ದಿನವೇ ಬ್ಯಾಂಕಿನಿಂದ ಬಿಡುಗಡೆ ಪತ್ರ, ಮನೆಯ ದಾಖಲೆ ಎರಡೂ ಕೈಗೆ ಸಿಗಬೇಕು, ಇಲ್ಲದಿದ್ದರೆ ಸಹಿ ಇಲ್ಲ. ಇದನ್ನು ಕೇಳಿದ ಅವರ ಹೆಂಡತಿ, "ಇದೊಂದನ್ನು ಮೊದಲು ಬರೆಯಿರಿ" ಅಂದರು.

ತಮ್ಮ ವಿಷಯವನ್ನು ಕೆಲಸಗಾರರೇ ಎತ್ತಿದರು. ಸುದ್ದಿ ಹೇಗೋ ಶೆಡ್ಡಿಗೆ ಮುಟ್ಟಿತ್ತು. ಒಂದು ಸಂಜೆ ಆ ಹಿರಿಯ ವೆಲ್ಡರ್ ಆಫೀಸಿನ ಬಾಗಿಲಲ್ಲಿ ಬಂದು ನಿಂತರು. "ಧಣಿ, ನಮ್ಮ ಸರ್ವೀಸ್ ಲೆಕ್ಕ ಎಲ್ಲಿಯಾದರೂ ಬರೆದಿಟ್ಟದ್ದು ಉಂಟಾ?" ಅಂತ ಕೇಳಿದರು. ಬೇರೇನೂ ಕೇಳಲಿಲ್ಲ.

ಬರೆದಿಟ್ಟಿರಲಿಲ್ಲ. ಕೆಲಸ ಬಿಡುವಾಗ ಸರ್ವೀಸಿನ ಲೆಕ್ಕದಲ್ಲಿ ಕೊಡಬೇಕಾದ ಗ್ರಾಚ್ಯುಟಿಗೆ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ರೂಪಾಯಿಯೂ ತೆಗೆದಿಟ್ಟಿರಲಿಲ್ಲ. ಈ ತಪ್ಪಿನಲ್ಲಿ ಲೆಕ್ಕ ನೋಡುವ ನನ್ನದೂ ಪಾಲಿದೆ, ಪ್ರತಿ ವರ್ಷ ಹೇಳುತ್ತಿದ್ದೆ, ಹಟ ಹಿಡಿಯಲಿಲ್ಲ. ಅವತ್ತು ರಾತ್ರಿ ಹಾಜರಿ ಪುಸ್ತಕಗಳನ್ನು ಕೆಳಗಿಳಿಸಿ 38 ಜನರ ಲೆಕ್ಕ ಬರೆದೆವು. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ. ವೆಲ್ಡರ್‌ಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 26,000. ವರ್ಷಕ್ಕೆ 15,000, ಇಪ್ಪತ್ತೇಳು ವರ್ಷಕ್ಕೆ 4,05,000. ಎಲ್ಲರದ್ದೂ ಸೇರಿ 61 ಲಕ್ಷ ಆಯಿತು.

ಮಾಲೀಕರು ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಪುಣೆಯವರ ಆಡಿಟರ್ ಹೇಗೂ ಇದನ್ನು ಕಂಡುಹಿಡಿದು ಬೆಲೆಯಲ್ಲಿ ಕಳೆಯುತ್ತಾರೆ ಅಂತ ನಾನು ಹೇಳಿದೆ. "ಅವರು ಕಳೆಯಲಿ. ಹಣ ಮಾತ್ರ ಇವರ ಹೆಸರಿನಲ್ಲಿ ಬೇರೆ ಇರಬೇಕು" ಅಂದರು. ಪುಣೆಗೆ ಹೋದ ಉತ್ತರದಲ್ಲಿ ಮೂರು ಷರತ್ತು ಇತ್ತು. ಮನೆಯ ದಾಖಲೆ, ಉಳಿದ ಷೇರಿನ ಬೆಲೆ ಕಟ್ಟುವ ರೀತಿ, ಮತ್ತು ಗ್ರಾಚ್ಯುಟಿಯ ಪೂರ್ತಿ ಮೊತ್ತವನ್ನು ಮೊದಲ ಕಂತಿನಿಂದಲೇ ಎಲ್‌ಐಸಿಯ ಗುಂಪು ಗ್ರಾಚ್ಯುಟಿ ಯೋಜನೆಗೆ ಕಟ್ಟುವುದು. ಮೊದಲನೆಯದಕ್ಕೂ ಮೂರನೆಯದಕ್ಕೂ ಅವರು ಒಪ್ಪಿದ್ದಾರೆ. ಎರಡನೆಯದರ ಮಾತು ಇನ್ನೂ ನಡೆಯುತ್ತಿದೆ. ಹೊಸ ಬಿಲ್ ಪುಸ್ತಕ ಕಳೆದ ವಾರ ಅಚ್ಚಾಗಿ ಬಂತು, ಉದ್ಯಮ್ ನಂಬರ್ ಅದರ ಮೇಲಿದೆ.